ಜೋಲಿ ಕಟ್ಟೋಣ, ಹೋಗಿ ಬರೋಣ

ಇವತ್ತಿನ ಮಾತು ಮುಖ್ಯವಾಗಿ ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ಅಪ್ಪ ಅಮ್ಮಂದಿರೂ ಕೇಳುತ್ತಿದ್ದರೆ ಒಳ್ಳೆಯದೇ. ನಡುವೆ ಅವರ ಸುದ್ದಿಯೂ ಬರುತ್ತದೆ.

ನಮ್ಮ ಮನೆಗಳಲ್ಲಿ ಹೊರಗೆ ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಮರೆತು "ಹೋಗ್ತೀನಿ" ಅಂದುಬಿಟ್ಟರೆ ಅಜ್ಜಿ ಅಲ್ಲೇ ತಿದ್ದುತ್ತಾರೆ: "ಹಾಗೆಲ್ಲ ಅನ್ನಬಾರದು, ಹೋಗಿ ಬರ್ತೀನಿ ಅನ್ನು." ನಿಮ್ಮಲ್ಲಿ ಅನೇಕರಿಗೆ ಫೋನಿನಲ್ಲೇ ಈ ತಿದ್ದುಪಡಿ ಆಗಿರುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಕಾಡಿಗೆ ಹೋಗುವವರಿಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಗೊತ್ತಿಲ್ಲ. ಹೋಗುವುದಕ್ಕೆ ಉತ್ಸಾಹ ಸಾಕು, ಬರುವುದಕ್ಕೆ ತಯಾರಿ ಬೇಕು. ಒಂದು ವಾರಾಂತ್ಯದ ಪ್ರವಾಸವನ್ನು ಮುಂದಿಟ್ಟುಕೊಂಡು ಆ ತಯಾರಿಯ ಬಗ್ಗೆ ಮಾತಾಡುತ್ತೇನೆ.

ನಾವು ಎಂಟು ಜನರ ಒಂದು ಸಣ್ಣ ಗುಂಪು. ಟೆಂಟ್ ಬದಲು ಹ್ಯಾಮಕ್‌ನಲ್ಲಿ ಮಲಗುವ ಹುಚ್ಚು ನಮ್ಮನ್ನು ಒಟ್ಟು ಸೇರಿಸಿದೆ. ನಿವೃತ್ತರಾದ ಒಬ್ಬ ಮೇಷ್ಟ್ರು ಇದ್ದಾರೆ, ನರ್ಸ್ ಒಬ್ಬರು ಇದ್ದಾರೆ, ಕಾಲೇಜು ಮಕ್ಕಳಿದ್ದಾರೆ. ಕನ್ನಡದವರು ಇಬ್ಬರೇ. ಕಳೆದ ಅಕ್ಟೋಬರ್‌ನಲ್ಲಿ ಮೂರನೆಯವಳೊಬ್ಬಳು ಸೇರಿಕೊಂಡಳು. ಕಾಲೇಜಿನ ಎರಡನೇ ವರ್ಷದ ಹುಡುಗಿ, ನಮ್ಮ ಪರಿಚಯದವರ ಮಗಳು. ಅವಳಿಗೆ ಕಾಡಿನಲ್ಲಿ ಅದು ಮೊದಲ ರಾತ್ರಿ. ಅವಳ ಅಪ್ಪ ಕೇಳಿದ ಮೊದಲ ಪ್ರಶ್ನೆ ನಿಮ್ಮ ಮನೆಯಲ್ಲೂ ಕೇಳುವಂಥದ್ದೇ: "ಮೂವತ್ತು ವರ್ಷ ದುಡಿದು ಮನೆ ಮಾಡಿರೋದು, ನೀನು ಹೋಗಿ ಮರಕ್ಕೆ ನೇತಾಡೋಕಾ?"

ಹೋಗಿದ್ದು ದಕ್ಷಿಣ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿಗೆ. ನ್ಯೂಜೆರ್ಸಿ ಅಂದರೆ ಟರ್ನ್‌ಪೈಕ್, ಮಾಲ್, ದೋಸೆ ಹೋಟೆಲ್ ಅಷ್ಟೇ ಅಂದುಕೊಂಡವರು ಇದನ್ನು ಒಮ್ಮೆ ನೋಡಬೇಕು. 1978ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಮೀಸಲು ಎಂದು ಘೋಷಿಸಿದರು. ಅದರ ವಿಸ್ತಾರ ಹತ್ತು ಲಕ್ಷ ಎಕರೆಗೂ ಹೆಚ್ಚು. ಅಡಿಯೆಲ್ಲ ಮರಳು, ಮೇಲೆಲ್ಲ ಪಿಚ್ ಪೈನ್ ಮರ. ಹೊಳೆಗಳ ನೀರು ಹಾಲು ಹಾಕದ ಚಹಾದ ಬಣ್ಣ. ಸೀಡರ್ ಮರಗಳ ಟ್ಯಾನಿನ್ ಮತ್ತು ಮಣ್ಣಿನ ಕಬ್ಬಿಣ ಸೇರಿ ಆ ಬಣ್ಣ ಬರುತ್ತದೆ, ಕೊಳಕಿನಿಂದ ಅಲ್ಲ. ಹಾಗಂತ ಹಾಗೇ ಕುಡಿಯಬೇಡಿ. ಫಿಲ್ಟರ್ ಮಾಡಿ ಅಥವಾ ಕುದಿಸಿ. ಅಕ್ಟೋಬರ್‌ನಲ್ಲಿ ಇಲ್ಲಿನ ಕ್ರ್ಯಾನ್‌ಬೆರಿ ಗದ್ದೆಗಳಿಗೆ ನೀರು ಬಿಟ್ಟು ಕೊಯ್ಲು ಮಾಡುತ್ತಾರೆ. ನೀರಿನ ಮೇಲೆ ಕೆಂಪು ಹಣ್ಣು ಕುಂಕುಮ ಹರಡಿದ ಹಾಗೆ ತೇಲುತ್ತಿರುತ್ತದೆ.

ಈ ಕಾಡಿನ ನಡುವೆ ಬಟೋನಾ ಟ್ರೇಲ್ ಎಂಬ ಕಾಲುದಾರಿ 50 ಮೈಲಿಗೂ ಹೆಚ್ಚು ದೂರ ಸಾಗುತ್ತದೆ. ಮರಗಳಿಗೆ ಬಳಿದ ಗುಲಾಬಿ ಬಣ್ಣದ ಗುರುತುಗಳನ್ನು ನೋಡಿಕೊಂಡು ನಡೆದರೆ ದಾರಿ ತಪ್ಪುವುದಿಲ್ಲ. ಚ್ಯಾಟ್ಸ್‌ವರ್ತ್ ಊರಿನ ಹತ್ತಿರ ಹೊರಟು, ಆಪಲ್ ಪೈ ಹಿಲ್ ಹತ್ತಿ ಇಳಿದು, ವಾರ್ಟನ್ ಸ್ಟೇಟ್ ಫಾರೆಸ್ಟ್‌ನ ಬಟೋನಾ ಕ್ಯಾಂಪ್‌ಸೈಟ್‌ನಲ್ಲಿ ರಾತ್ರಿ ಉಳಿದು, ಭಾನುವಾರ ಅದೇ ದಾರಿಯಲ್ಲಿ ವಾಪಸ್ಸು ಬರುವುದು ನಮ್ಮ ಯೋಜನೆ. ದಿನಕ್ಕೆ ಐದಾರು ಮೈಲಿ. ಆಪಲ್ ಪೈ ಹಿಲ್‌ನ ಎತ್ತರ ಸಮುದ್ರ ಮಟ್ಟದಿಂದ ಸುಮಾರು 200 ಅಡಿ ಮಾತ್ರ. ನಂದಿ ಬೆಟ್ಟ ಹತ್ತಿದವರಿಗೆ ನಗು ಬರಬಹುದು. ಆದರೆ ಸುತ್ತ ಎಲ್ಲ ಸಮತಟ್ಟಾದ್ದರಿಂದ ಅಲ್ಲಿ ಕಾಡ್ಗಿಚ್ಚು ಕಾಯುವ ಗೋಪುರ ಕಟ್ಟಿದ್ದಾರೆ. ಆಕಾಶ ತಿಳಿಯಾಗಿದ್ದ ದಿನ ಆ ಗೋಪುರದಿಂದ ಒಂದು ಕಡೆ ಫಿಲಡೆಲ್ಫಿಯಾ, ಇನ್ನೊಂದು ಕಡೆ ಅಟ್ಲಾಂಟಿಕ್ ಸಿಟಿ ಕಾಣುತ್ತವೆ.

ಈಗ ಹ್ಯಾಮಕ್ ವಿಷಯಕ್ಕೆ ಬರೋಣ. ಈ ಮಾತು ಕೆರೀಬಿಯನ್ ದ್ವೀಪಗಳ ಟೈನೊ ಜನರದು. ಅವರ 'ಹಮಾಕಾ' ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಬಂತು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ, 'ಜೋಲಿ' ಇದೆ. ಹೊಲದಲ್ಲಿ ಕೆಲಸ ಮಾಡುವ ತಾಯಂದಿರು ಮರದ ಕೊಂಬೆಗೆ ಹಳೇ ಸೀರೆ ಕಟ್ಟಿ ಮಗುವನ್ನು ಮಲಗಿಸುತ್ತಾರಲ್ಲ, ಅದು ಜೋಲಿ. ನಿಮ್ಮ ಅಪ್ಪನೋ ಅಮ್ಮನೋ ತೊಲೆಗೆ ಕಟ್ಟಿದ ಅಂಥ ಜೋಲಿಯಲ್ಲಿ ಮಲಗಿ ಬೆಳೆದಿರಬಹುದು, ಒಮ್ಮೆ ಕೇಳಿ ನೋಡಿ.

ಜೋಲಿಯನ್ನು ಯಾರೂ ಬಿಗಿಯಾಗಿ ಎಳೆದು ಕಟ್ಟುವುದಿಲ್ಲ, ಅದು ಜೋತುಬೀಳಬೇಕು. ಹ್ಯಾಮಕ್‌ನ ಮೊದಲ ಪಾಠವೂ ಇದೇ. ಹೊಸಬರು ಎಲ್ಲರೂ ಅದನ್ನು ಹಾಸಿಗೆಯ ಹಾಗೆ ಚಪ್ಪಟೆ ಮಾಡಲು ಹೋಗುತ್ತಾರೆ. ಇಲ್ಲಿ ನಿಮ್ಮ ಹೈಸ್ಕೂಲಿನ ಫಿಸಿಕ್ಸ್ ಉಪಯೋಗಕ್ಕೆ ಬರುತ್ತದೆ. ಪಟ್ಟಿ ನೆಲಕ್ಕೆ ಸಮಾನಾಂತರ ರೇಖೆಯಿಂದ 30 ಡಿಗ್ರಿ ಕೋನದಲ್ಲಿದ್ದರೆ, 150 ಪೌಂಡ್ ತೂಕದವರು ಮಲಗಿದಾಗ ಒಂದೊಂದು ಪಟ್ಟಿಯ ಮೇಲೂ 150 ಪೌಂಡ್ ಎಳೆತ ಬೀಳುತ್ತದೆ. ಅದೇ ಪಟ್ಟಿಯನ್ನು 10 ಡಿಗ್ರಿಗೆ ಬಿಗಿದರೆ ಎಳೆತ ಸುಮಾರು 430 ಪೌಂಡ್ ಆಗುತ್ತದೆ. 5 ಡಿಗ್ರಿಗೆ ಬಿಗಿದರೆ 860 ದಾಟುತ್ತದೆ. ಮಲಗಿದವರು ಅವರೇ, ಮರವೂ ಅದೇ, ಎಳೆತ ಮಾತ್ರ ಐದಾರು ಪಟ್ಟು. ಹಗ್ಗ ಹರಿಯುವುದು, ಬಟ್ಟೆ ಸೀಳುವುದು, ಸಣ್ಣ ಮರ ಬಾಗುವುದು ಎಲ್ಲ ಹೀಗೆ. ಅಳತೆಗೆ ಉಪಕರಣ ಬೇಡ. ಹೆಬ್ಬೆರಳನ್ನು ಮೇಲಕ್ಕೆ, ತೋರುಬೆರಳನ್ನು ಮುಂದಕ್ಕೆ ಚಾಚಿ. ಎರಡು ಬೆರಳ ತುದಿಗಳ ನಡುವೆ ಎಳೆದ ಗೆರೆಯ ಇಳಿಜಾರು ಹೆಚ್ಚುಕಡಿಮೆ 30 ಡಿಗ್ರಿ ಇರುತ್ತದೆ.

ಹೀಗೆ ಜೋತುಬಿದ್ದ ಹ್ಯಾಮಕ್‌ನಲ್ಲಿ ಬೆನ್ನು ಬಾಳೆಹಣ್ಣಿನ ಹಾಗೆ ಬಾಗುವುದಿಲ್ಲವೇ ಅಂತ ಕೇಳುತ್ತಾರೆ. ಉದ್ದಕ್ಕೆ ನೇರ ಮಲಗಿದರೆ ಬಾಗುತ್ತದೆ. ಸ್ವಲ್ಪ ಓರೆಯಾಗಿ, ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ ಬರುವ ಹಾಗೆ ಮಲಗಿದರೆ ಬೆನ್ನು ಬಹುಮಟ್ಟಿಗೆ ಸಮವಾಗುತ್ತದೆ. ಕಾಲಿನ ಕಡೆ ಒಂದು ಗೇಣು ಎತ್ತರ ಕಟ್ಟಿದರೆ ರಾತ್ರಿ ಜಾರುವುದಿಲ್ಲ. ನೆಲದಿಂದ ಕುರ್ಚಿಯ ಎತ್ತರ ಸಾಕು. ಫೋಟೋಗೆಂದು ಎತ್ತರಕ್ಕೆ ಕಟ್ಟಬೇಡಿ, ಒಂದರ ಮೇಲೊಂದು ಅಂತೂ ಕಟ್ಟಲೇಬೇಡಿ.

ಮರ ಆರಿಸುವುದು ಇನ್ನೂ ಮುಖ್ಯ. ಹನ್ನೆರಡರಿಂದ ಹದಿನೈದು ಅಡಿ ಅಂತರದ, ಜೀವ ಇರುವ, ಗಟ್ಟಿಯಾದ ಎರಡು ಮರ ಬೇಕು. ನಮ್ಮ ಮೇಷ್ಟ್ರು ಪಟ್ಟಿ ತೆಗೆಯುವ ಮೊದಲು ತಲೆ ಎತ್ತಿ ಎರಡು ನಿಮಿಷ ಮೇಲೆಯೇ ನೋಡುತ್ತಾರೆ. ಒಣಗಿದ ಕೊಂಬೆ, ಮುರಿದು ಸಿಕ್ಕಿಕೊಂಡ ರೆಂಬೆ, ಪಕ್ಕದಲ್ಲಿ ಸತ್ತು ನಿಂತ ಮರ, ಯಾವುದು ಕಂಡರೂ ಜಾಗ ಬದಲು. ಗಾಳಿ ಬಂದ ರಾತ್ರಿ ಮೇಲಿಂದ ಬೀಳುವ ಕೊಂಬೆಯಷ್ಟು ಅಪಾಯ ಕರಡಿಯಿಂದಲೂ ಇಲ್ಲ ಅನ್ನುತ್ತಾರೆ ಅವರು. ಮರಕ್ಕೆ ಸುತ್ತುವುದು ಅಗಲದ ಪಟ್ಟಿಯೇ ಆಗಿರಬೇಕು, ಕನಿಷ್ಠ ಒಂದು ಇಂಚು, ಎರಡು ಇಂಚಾದರೆ ಉತ್ತಮ. ಸಣ್ಣ ಹಗ್ಗ ತೊಗಟೆಯನ್ನು ಕೊಯ್ಯುತ್ತದೆ. ಮರದ ಆಹಾರ ಹರಿಯುವುದು ಆ ತೊಗಟೆಯ ಒಳಪದರದಲ್ಲೇ. ಕೆಲವು ಪಾರ್ಕುಗಳಲ್ಲಿ ಮರಕ್ಕೆ ಏನನ್ನೂ ಕಟ್ಟುವ ಹಾಗಿಲ್ಲ. ಆದ್ದರಿಂದ ಜಾಗ ಬುಕ್ ಮಾಡುವಾಗಲೇ ಆಫೀಸಿನವರನ್ನು ಕೇಳಿಕೊಳ್ಳಿ.

ಜೋಲಿ ಕಟ್ಟಿಯಾದ ಮೇಲೆ, ಬೆಳಕಿರುವಾಗಲೇ, ನಾವು ಹತ್ತಿರದಲ್ಲಿರುವ ಕರಾಂಜಾ ಸ್ಮಾರಕಕ್ಕೆ ನಡೆದುಕೊಂಡು ಹೋದೆವು. ಎಮಿಲಿಯೊ ಕರಾಂಜಾ ಮೆಕ್ಸಿಕೋದ ಪೈಲಟ್. 1927ರ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ವಾಷಿಂಗ್ಟನ್‌ನಿಂದ ಮೆಕ್ಸಿಕೋ ಸಿಟಿಗೆ ಸ್ನೇಹದ ಗುರುತಾಗಿ ವಿಮಾನದಲ್ಲಿ ಹೋಗಿದ್ದರು. ಅದಕ್ಕೆ ಉತ್ತರವಾಗಿ ಮರುವರ್ಷ ಮೆಕ್ಸಿಕೋದಿಂದ ಇಲ್ಲಿಗೆ ಬಂದವರು ಕರಾಂಜಾ. 1928ರ ಜುಲೈ 12ರ ರಾತ್ರಿ ನ್ಯೂಯಾರ್ಕಿನಿಂದ ಊರಿಗೆ ವಾಪಸ್ಸು ಹೊರಟವರು ಗುಡುಗು ಮಳೆಗೆ ಸಿಕ್ಕಿ ಈ ಕಾಡಿನಲ್ಲಿ ಬಿದ್ದು ತೀರಿಕೊಂಡರು. ವಯಸ್ಸು 22. ಮೆಕ್ಸಿಕೋದ ಶಾಲಾ ಮಕ್ಕಳು ಕಾಸು ಕೂಡಿಸಿ ಕಳಿಸಿದ ಹಣದಿಂದ ಸ್ಮಾರಕ ಎದ್ದಿತು. ಕಲ್ಲಿನಲ್ಲಿ ಕೆಳಗೆ ಬೀಳುತ್ತಿರುವ ಹದ್ದನ್ನು ಕೆತ್ತಿದ್ದಾರೆ. ಪ್ರತಿ ಜುಲೈನಲ್ಲೂ ಅಲ್ಲಿ ಸೇರಿ ಅವರನ್ನು ನೆನೆಯುತ್ತಾರೆ.

ನಮ್ಮ ಗುಂಪಿನ ಹುಡುಗಿ ಆ ಹದ್ದಿನ ಮುಂದೆ ಸ್ವಲ್ಪ ಹೊತ್ತು ನಿಂತು, "ಆಂಟಿ, ನನಗಿಂತ ಮೂರೇ ವರ್ಷ ದೊಡ್ಡವರು" ಅಂದಳು. ಅಷ್ಟು ದೂರ ಹಾರಿಬಂದ ಪೈಲಟ್‌ನ ಧೈರ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೆ ಹವಾಮಾನಕ್ಕೆ ಯಾರ ಧೈರ್ಯವೂ ಲೆಕ್ಕಕ್ಕಿಲ್ಲ. ನಮ್ಮ ಗುಂಪಿನಲ್ಲಿ ಒಂದು ನಿಯಮವಿದೆ. ಹೊರಡುವ ಹಿಂದಿನ ದಿನ ಹವಾಮಾನ ನೋಡಿ, ಎಂಟರಲ್ಲಿ ಒಬ್ಬರು ಬೇಡ ಅಂದರೂ ಪ್ರವಾಸ ಮುಂದಕ್ಕೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ಹೆದರುಪುಕ್ಕಲರು ಅಂತ ತಮಾಷೆಯನ್ನೂ ಮಾಡುವುದಿಲ್ಲ.

ರಾತ್ರಿಯ ಊಟಕ್ಕೆ ನಾನು ಗೊಜ್ಜವಲಕ್ಕಿ ಪುಡಿ ಒಯ್ದಿದ್ದೆ. ಹೊತ್ತು ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಹಗುರ, ಕೆಡುವುದಿಲ್ಲ, ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಆಯಿತು. ಅಂಗಡಿಯಲ್ಲಿ ಹತ್ತು ಡಾಲರ್ ಕೊಟ್ಟು ಒಣಗಿಸಿದ ಊಟ ತಂದಿದ್ದ ನರ್ಸ್, ನನ್ನ ತಟ್ಟೆಯಿಂದ ಎರಡು ಸಲ ಹಾಕಿಸಿಕೊಂಡರು. ಚೀಲದ ತೂಕಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ: ನಿಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು. 130 ಪೌಂಡ್ ಇರುವವರು 26 ಪೌಂಡಿಗೆ ನಿಲ್ಲಿಸಬೇಕು.

ಬೆಂಕಿಯ ಬಗ್ಗೆ ಒಂದು ಮಾತು. ಪಿಚ್ ಪೈನ್ ಬೆಂಕಿಗೆ ಹೊಂದಿಕೊಂಡ ಮರ. ಕಾಂಡ ಕರಕಲಾದರೂ ತೊಗಟೆಯ ಒಳಗಿಂದ ಮತ್ತೆ ಚಿಗುರುತ್ತದೆ. ನಮ್ಮ ಜೋಲಿ ಕಟ್ಟಿದ ಮರದ ಬುಡವೂ ಕಪ್ಪಾಗಿತ್ತು. ಕಾಡು ತಾಳಿಕೊಳ್ಳುತ್ತದೆ ನಿಜ, ಅದರೊಳಗೆ ಮಲಗಿದವರು ತಾಳಿಕೊಳ್ಳುವುದಿಲ್ಲ. 2022ರ ಜೂನ್‌ನಲ್ಲಿ ಇದೇ ವಾರ್ಟನ್ ಕಾಡಿನಲ್ಲಿ 13,000 ಎಕರೆಗೂ ಹೆಚ್ಚು ಸುಟ್ಟಿತು. ಆದ್ದರಿಂದ ಬೆಂಕಿ ಹಾಕಬಹುದೇ ಇಲ್ಲವೇ ಅನ್ನುವ ಅವತ್ತಿನ ಸೂಚನೆ ನೋಡಿಯೇ ಹೊರಡಿ. ನಾವು ಅವತ್ತು ಬೆಂಕಿ ಹಾಕಲಿಲ್ಲ, ಸಣ್ಣ ಗ್ಯಾಸ್ ಒಲೆಯಲ್ಲೇ ಅಡುಗೆ ಮುಗಿಸಿದೆವು.

ಇನ್ನು ಆ ರಾತ್ರಿ. ಉಷ್ಣಾಂಶ 40 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯಿತು, ಅಂದರೆ ಸುಮಾರು 4 ಸೆಲ್ಸಿಯಸ್. ಹ್ಯಾಮಕ್‌ನಲ್ಲಿ ಚಳಿ ಬರುವುದು ಮೇಲಿನಿಂದ ಅಲ್ಲ, ಬೆನ್ನ ಕೆಳಗಿನಿಂದ. ನಮ್ಮನ್ನು ಬೆಚ್ಚಗಿಡುವುದು ಸ್ಲೀಪಿಂಗ್ ಬ್ಯಾಗ್‌ನೊಳಗೆ ಸಿಕ್ಕಿ ನಿಂತ ಗಾಳಿ. ಮಲಗಿದಾಗ ಬೆನ್ನಡಿಯ ಭಾಗ ನಮ್ಮ ತೂಕಕ್ಕೇ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ. ಕೆಳಗೆ ನೆಲವೂ ಇಲ್ಲ, ತಣ್ಣನೆ ಗಾಳಿ ಬೀಸುತ್ತಲೇ ಇರುತ್ತದೆ. ಎಷ್ಟು ದುಬಾರಿ ಬ್ಯಾಗ್ ಇದ್ದರೂ ಬೆನ್ನು ಮರಗಟ್ಟುತ್ತದೆ. ಇದಕ್ಕೆ ಪರಿಹಾರ ಅಂಡರ್‌ಕ್ವಿಲ್ಟ್. ಹ್ಯಾಮಕ್‌ನ ಹೊರಗೆ, ಕೆಳಗಡೆ ಒತ್ತದೆ ತೂಗಿಬಿಡುವ ಹೊದಿಕೆ. ನಾನು ಅದನ್ನು ಕೆಳಗೌದಿ ಅನ್ನುತ್ತೇನೆ, ಉತ್ತರ ಕರ್ನಾಟಕದ ಕೌದಿಯ ನೆನಪಿಗೆ. ಅದಿಲ್ಲದಿದ್ದರೆ ಒಂದು ಫೋಮ್ ಚಾಪೆಯನ್ನು ಬೆನ್ನಡಿಗೆ ಹಾಕಿಕೊಂಡರೂ ನಡೆಯುತ್ತದೆ.

ಹುಡುಗಿಗೆ ಎರವಲು ಸಿಕ್ಕಿದ್ದ ಕೆಳಗೌದಿ ರಾತ್ರಿ ಒಂದು ಬದಿಗೆ ಸರಿದುಹೋಗಿತ್ತು. ಎರಡು ಗಂಟೆ ಹೊತ್ತಿಗೆ ಪಕ್ಕದ ಜೋಲಿಯಿಂದ ಸಣ್ಣ ದನಿ ಬಂತು: "ಆಂಟಿ, ಎಚ್ಚರ ಇದ್ದೀರಾ?" ಹಲ್ಲು ಕಟಕಟ ಅನ್ನುತ್ತಿತ್ತು. ಮೇಷ್ಟ್ರು ಎದ್ದು ತಮ್ಮ ಚೀಲದಿಂದ ಫೋಮ್ ಚಾಪೆ ತೆಗೆದುಕೊಟ್ಟರು. ಅದನ್ನು ಅವರು ಪ್ರತಿ ಸಲವೂ ಹೊತ್ತು ತರುವುದು ಇಂಥ ಹೊತ್ತಿಗೇ. ನರ್ಸ್ ನೀರು ಕಾಯಿಸಿ ಗಟ್ಟಿ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತುರುಕಿ ಅವಳ ಕಾಲ ಹತ್ತಿರ ಇಟ್ಟರು. ಒಂದು ಹಿಡಿ ಕಡಲೆಬೀಜ, ಬೆಲ್ಲ ತಿನ್ನಿಸಿದೆವು. ಹೊಟ್ಟೆಗೆ ಏನಾದರೂ ಬಿದ್ದರೆ ಮೈ ಬಿಸಿ ಹುಟ್ಟಿಸುತ್ತದೆ. ಕೆಳಗೌದಿ ಸರಿ ಮಾಡಿ ಕಟ್ಟಿದೆವು. ಅರ್ಧ ಗಂಟೆಯಲ್ಲಿ ನಿದ್ದೆ ಹೋದಳು.

ಬೆಳಿಗ್ಗೆ ಅವಳು ಹೇಳಿದ್ದು ನನ್ನನ್ನು ತಟ್ಟಿತು. ಹನ್ನೆರಡು ಗಂಟೆಯಿಂದಲೇ ಚಳಿ ಆಗುತ್ತಿತ್ತಂತೆ. "ಹೇಳಿದ್ರೆ, ಇಂಡಿಯನ್ ಹುಡುಗೀರಿಗೆ ಇದೆಲ್ಲ ಆಗಲ್ಲ ಅಂದ್ಕೋತಾರೆ ಅನ್ನಿಸ್ತು. ಅಪ್ಪನಿಗೆ ಗೊತ್ತಾದ್ರೆ ಇನ್ನೊಂದ್ಸಲ ಕಳಿಸಲ್ಲ ಅಂತಲೂ ಅನ್ನಿಸ್ತು." ಎರಡು ಗಂಟೆ ಕಾಲ ಅವಳು ಒಬ್ಬಳಾಗಿ ಮಲಗಿರಲಿಲ್ಲ. ನಮ್ಮೆಲ್ಲರ ಮರ್ಯಾದೆ ಹೊತ್ತುಕೊಂಡು ಮಲಗಿದ್ದಳು.

ನಿಮ್ಮಲ್ಲಿ ಅನೇಕರಿಗೆ ಈ ಹೊರೆ ಗೊತ್ತು. ಕ್ಲಾಸಿನಲ್ಲಿ, ಟೀಮಿನಲ್ಲಿ, ಕೆಲಸದಲ್ಲಿ ನೀವೊಬ್ಬರೇ ನಮ್ಮವರು ಇದ್ದಾಗ, ನೀವು ಸೋತರೆ ಎಲ್ಲರೂ ಸೋತ ಹಾಗೆ ಅನ್ನಿಸುತ್ತದೆ. ಕಾಡಿಗೆ ಮಾತ್ರ ಈ ಹೊರೆ ಒಯ್ಯಬೇಡಿ, ಅಲ್ಲಿ ಅದು ನಿಜವಾಗಿಯೂ ಅಪಾಯ. ಚಳಿ ಮೊದಲು ನಡುಕ ತರುತ್ತದೆ. ಮುಂದುವರಿದರೆ ಬೆರಳು ಮಾತು ಕೇಳುವುದಿಲ್ಲ, ಜಿಪ್ ಎಳೆಯಲು ಆಗುವುದಿಲ್ಲ, ಮಾತು ತೊದಲುತ್ತದೆ, ಯೋಚನೆ ಮಂಕಾಗುತ್ತದೆ. ಸಹಾಯ ಕೇಳಬೇಕು ಅನ್ನುವುದೇ ತೋಚದ ಸ್ಥಿತಿ ಅದು. ಆದ್ದರಿಂದ ನಡುಕ ಶುರುವಾದಾಗಲೇ ಹೇಳಬೇಕು. ನಮ್ಮ ಮೇಷ್ಟ್ರು ಅವಳಿಗೆ ಹೇಳಿದ್ದು ಇಷ್ಟೇ: ಈ ಗುಂಪಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರನ್ನಾದರೂ ಎಬ್ಬಿಸದವರು ಯಾರೂ ಇಲ್ಲ.

ಜೊತೆಗಾರರ ಉಪಯೋಗ ಇದೇ. ಎಂಟು ಜೋಲಿಯಲ್ಲಿ ಎಂಟು ಜನ ಒಬ್ಬೊಬ್ಬರೇ ಮಲಗಿದ್ದರೂ, ಕೂಗಿದರೆ ಕೇಳುವಷ್ಟು ಹತ್ತಿರ ಇರುತ್ತೇವೆ. ಪಾಂಡಿತ್ಯ ಎಷ್ಟಿದೆ, ಸಾಮಾನು ಎಷ್ಟು ದುಬಾರಿ ಅನ್ನುವುದಕ್ಕಿಂತ ಈ ಕೂಗಳತೆ ಮುಖ್ಯ.

ಮರಳಿ ಬಂದ ಮೇಲೂ ಒಂದು ಕೆಲಸ ಇದೆ. ಟಿಕ್, ಅಂದರೆ ನಮ್ಮೂರಿನ ಉಣ್ಣೆ ಹುಳ, ಈ ಕಡೆ ಲೈಮ್ ಕಾಯಿಲೆ ಹರಡುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ. ಮನೆಗೆ ಬಂದು ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲಿನೊಳಗೆ ಹುಡುಕಿ. ಲೈಮ್ ಸೋಂಕು ದಾಟಲು ಸಾಮಾನ್ಯವಾಗಿ ಅದು 24 ಗಂಟೆಗೂ ಹೆಚ್ಚು ಕಚ್ಚಿಕೊಂಡಿರಬೇಕು, ಅವತ್ತೇ ಕಿತ್ತರೆ ಅಪಾಯ ಬಹಳ ಕಡಿಮೆ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಜ್ವರವೋ ಚರ್ಮದ ಮೇಲೆ ಹರಡುವ ಕೆಂಪು ಕಲೆಯೋ ಬಂದರೆ ಡಾಕ್ಟರಿಗೆ ತೋರಿಸಿ.

ಈಗ ಅಪ್ಪ ಅಮ್ಮಂದಿರ ವಿಷಯ. ಅವರು ಬೇಡ ಅನ್ನುವುದು ಹೆಚ್ಚಾಗಿ ಕಾಡಿಗಲ್ಲ, ಗೊತ್ತಿಲ್ಲದಿರುವುದಕ್ಕೆ. ಈ ಹುಡುಗಿ ತನ್ನ ಅಪ್ಪನ ಜೊತೆ ವಾದ ಮಾಡಲಿಲ್ಲ. ಒಂದು ಹಾಳೆ ಬರೆದು ಫ್ರಿಜ್ ಮೇಲೆ ಅಂಟಿಸಿದಳು. ಕಾರು ಎಲ್ಲಿ ನಿಲ್ಲಿಸುತ್ತೇವೆ, ಯಾವ ದಾರಿ, ಯಾವ ಕ್ಯಾಂಪ್‌ಸೈಟ್, ಜೊತೆಗೆ ಯಾರು, ಅವರ ನಂಬರ್ ಏನು, ಎಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ, ಎಲ್ಲ ಅದರಲ್ಲಿತ್ತು. ಕೊನೆಯಲ್ಲಿ ಹೀಗೆ ಬರೆದಿದ್ದಳು: ಭಾನುವಾರ ಸಂಜೆ ನಾಲ್ಕಕ್ಕೆ ಫೋನ್ ಮಾಡ್ತೀನಿ. ಆರರವರೆಗೆ ಕಾಯಿರಿ, ಗಾಬರಿ ಬೇಡ. ಎಂಟಾದರೂ ಸುದ್ದಿ ಇಲ್ಲ ಅಂದ್ರೆ 911ಗೆ ಫೋನ್ ಮಾಡಿ ಈ ಹಾಳೆ ಓದಿ. ಯಾರಾದರೂ ನಿಮ್ಮನ್ನು ಹುಡುಕಬೇಕಾಗಿ ಬಂದರೆ ಮೊದಲು ಬೇಕಾಗುವುದು ಇಂಥ ಹಾಳೆಯೇ. ಮತ್ತೆ, ಹಾಳೆಯಲ್ಲಿ ಬರೆದ ದಾರಿಯನ್ನು ನಡುವೆ ಬದಲಿಸಬಾರದು. ಬದಲಿಸಿದರೆ ಅದು ಬರೀ ಕಾಗದ.

ಅವಳು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಫೋನ್ ಮಾಡಿದಳು. ರಾತ್ರಿಯ ಚಳಿಯ ವಿಷಯವನ್ನೂ ಹೇಳಿದಳು, ಮುಚ್ಚಿಡಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹುಟ್ಟಿದಾಗ ಅಜ್ಜಿ ಜೋಲಿ ಕೆಳಗೆ ಕಂಬಳಿ ಕಟ್ಟೋರಂತೆ, ಗಾಳಿ ಹೊಡೀಬಾರದು ಅಂತ" ಅಂದರಂತೆ. ಅಂಡರ್‌ಕ್ವಿಲ್ಟ್ ಯಾರು ಕಂಡುಹಿಡಿದರು ಅಂತ ನಮ್ಮ ಗುಂಪಿನಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಇನ್ನು ಮುಂದೆ ಆ ಅಜ್ಜಿಯ ಹೆಸರನ್ನೂ ಪಟ್ಟಿಗೆ ಸೇರಿಸಬೇಕು.

ಶುರು ಮಾಡುವವರಿಗೆ ಕೊನೆಯದಾಗಿ ಒಂದು ಸಲಹೆ. ಮೊದಲ ರಾತ್ರಿ ಮನೆಯ ಹಿತ್ತಲಿನಲ್ಲಿ ಕಟ್ಟಿ ಮಲಗಿ. ಚಳಿ ಆದರೆ ಬಾಗಿಲು ತೆಗೆದು ಒಳಗೆ ಹೋಗಬಹುದು. ಏನು ಕಡಿಮೆ ಬಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ. ಸಾಮಾನು ಕೊಳ್ಳುವ ಮೊದಲು ಎರವಲು ಕೇಳಿ. ಈ ಹುಚ್ಚಿನವರಿಗೆ ತಮ್ಮ ಸಾಮಾನು ತೋರಿಸುವುದೇ ಸಂಭ್ರಮ, ಇಲ್ಲ ಅನ್ನುವುದಿಲ್ಲ. ಆಮೇಲೆ ನಿಮಗಿಂತ ಹೆಚ್ಚು ಅನುಭವ ಇರುವವರ ಜೊತೆ, ರಸ್ತೆಗೆ ಹತ್ತಿರದ ಕ್ಯಾಂಪ್‌ಸೈಟ್‌ನಲ್ಲಿ ಒಂದು ರಾತ್ರಿ. ದೂರ ಆಮೇಲೆ ತಾನಾಗಿಯೇ ಬರುತ್ತದೆ.

ಎಲೆ ಉದುರುವ ಕಾಲ, ಸೊಳ್ಳೆ ಕಡಿಮೆ, ಆಕಾಶ ತಿಳಿ. ಹೊರಡಿ. ಬಾಗಿಲಲ್ಲಿ ಏನು ಹೇಳಬೇಕು ಅಂತ ಅಜ್ಜಿ ಕಲಿಸಿಕೊಟ್ಟಿದ್ದಾರೆ. ಅದನ್ನು ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ.